ಮಳೆಗಾಗಿ ಕಾಯುವ ಹುಳುಗಳು

ಹುಳು, ಸೀಗಡಿ, ಬಸವನಹುಳು, ಕಪ್ಪೆಚಿಪ್ಪು, ಗೆದ್ದಲು, ಜಂತು: ಬೆನ್ನೆಲುಬಿಲ್ಲದ ಪ್ರಾಣಿಗಳೆಂದು ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಕೂರಿಸುವ ಈ ಜೀವಿಗಳು, ವಿಜ್ಞಾನ ಈವರೆಗೆ ಹೆಸರಿಟ್ಟ ಪ್ರಾಣಿ ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚಿವೆ. ಹುಲಿ, ಆನೆ, ಹಕ್ಕಿಗಳ ಬಗ್ಗೆ ನಡೆದಷ್ಟು ಅಧ್ಯಯನ ಇವುಗಳ ಬಗ್ಗೆ ನಡೆದಿಲ್ಲ. ನಡೆದಿರುವ ಕೆಲವು ಅಧ್ಯಯನಗಳೂ ಹೆಚ್ಚಾಗಿ ಸಮುದ್ರತೀರದ ಜೀವಿಗಳನ್ನೋ ಮಲೆನಾಡಿನ ಜೀವಿಗಳನ್ನೋ ಕುರಿತವು. ಬಯಲುಸೀಮೆಯ ಹೊಲ, ಹೊಂಡ, ಬಾವಿಗಳ ಪಾಲಿಗೆ ಬಂದದ್ದು ಕಡಿಮೆ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಸೀಮೆಯಲ್ಲೇ ಈ ಜೀವಿಗಳ ಅತ್ಯಂತ ಸೋಜಿಗದ ಸಾಮರ್ಥ್ಯ ಕಾಣಸಿಗುತ್ತದೆ. ನೀರಿಲ್ಲದ ಕಾಲವನ್ನು ದಾಟುವ ಸಾಮರ್ಥ್ಯ ಅದು.

ಈ ಸೀಮೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದೂ ಮುಂಗಾರಿಗೊಂದಿಷ್ಟು, ಹಿಂಗಾರಿಗೊಂದಿಷ್ಟು ಹಂಚಿಹೋಗುತ್ತದೆ. ಹೊಲದಲ್ಲಿ ಎರಿ ಎನ್ನುವ ಕಪ್ಪು ಮಣ್ಣು, ಕಪ್ಪತಗುಡ್ಡದ ಕಡೆಗೆ ಹೋದಂತೆ ಮಸಾರಿ ಎನ್ನುವ ಕೆಂಪು ಮಣ್ಣು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇ ತಿಂಗಳಲ್ಲಿ ಒಣಗಿ ಬಿರಿದ ಹೊಂಡದ ತಳ ನೋಡಿದವರಿಗೆ ಅಲ್ಲಿ ಜೀವವಿದೆ ಎನ್ನಿಸುವುದಿಲ್ಲ. ಮಿರಗದ ಮಳೆಯಾಗಿ ಎರಡು ವಾರ ಕಳೆದ ಮೇಲೆ ಅದೇ ಹೊಂಡದ ನೀರನ್ನು ಬಿಳಿ ಬೋಗುಣಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ನೂರಾರು ಜೀವಗಳು ಮಿಸುಕಾಡುತ್ತಿರುತ್ತವೆ. ಅವು ಹೊಳೆಯಿಂದ ಬಂದವಲ್ಲ. ಒಣಗಿದ ಮಣ್ಣಿನೊಳಗೇ ಇದ್ದವು.

ದಖ್ಖನ್ ಪ್ರಸ್ಥಭೂಮಿಯ ಮಳೆಹೊಂಡಗಳ ಈ ಜೀವಿಗಳಲ್ಲಿ ಕಣ್ಣಿಗೆ ಮೊದಲು ಬೀಳುವಂಥದ್ದು ಫೇರಿ ಶ್ರಿಂಪ್ ಎಂದು ಕರೆಯುವ ಪುಟ್ಟ ಸೀಗಡಿ ಬಳಗ. ಉದ್ದ ಒಂದರಿಂದ ಮೂರು ಸೆಂಟಿಮೀಟರ್. ಮೈಮೇಲೆ ಚಿಪ್ಪಿಲ್ಲ, ದೇಹ ಪಾರದರ್ಶಕ. ಒಳಗಿನ ಕರುಳು ಕಪ್ಪು ಗೆರೆಯಾಗಿ ಹೊರಗೇ ಕಾಣುತ್ತದೆ. ಎರಡು ಕಣ್ಣುಗಳು ಪುಟ್ಟ ಕಾಂಡಗಳ ತುದಿಯಲ್ಲಿವೆ. ಎದೆಯ ಉದ್ದಕ್ಕೂ ಎಲೆಯಾಕಾರದ ಹನ್ನೊಂದು ಜೊತೆ ಕಾಲುಗಳು. ಇದು ಈಜುವುದು ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿಕೊಂಡು. ಕಾಲುಗಳು ಒಂದರ ಹಿಂದೊಂದು ಅಲೆಯಂತೆ ಬಡಿಯುತ್ತ ದೇಹವನ್ನು ಮುಂದಕ್ಕೆ ತಳ್ಳುತ್ತವೆ. ಅವೇ ಕಾಲುಗಳು ನೀರಿನಲ್ಲಿನ ಪಾಚಿ, ಬ್ಯಾಕ್ಟೀರಿಯಾಗಳನ್ನು ಸೋಸಿ ಬಾಯಿಗೆ ಮುಟ್ಟಿಸುತ್ತವೆ, ಅವೇ ಉಸಿರಾಟಕ್ಕೂ ನೆರವಾಗುತ್ತವೆ. ಭಾರತದ ಮಳೆಹೊಂಡಗಳಲ್ಲಿ ವ್ಯಾಪಕವಾಗಿ ಕಂಡುಬರುವ ಸ್ಟ್ರೆಪ್ಟೊಸಿಫಾಲಸ್ ಡೈಕಾಟಮಸ್ ಎಂಬ ಜಾತಿಯನ್ನು ಬ್ರಿಟನ್ನಿನ ವಿಲಿಯಂ ಬೇರ್ಡ್ 1860ರಲ್ಲಿ ವಿವರಿಸಿದ. ಇದರ ಜತೆಗೇ ಎರಡು ಚಿಪ್ಪುಗಳ ನಡುವೆ ಅಡಗಿ ಈಜುವ ಕ್ಲಾಮ್ ಶ್ರಿಂಪ್‌ಗಳೂ, ಬೆನ್ನಿನ ಮೇಲೆ ಗುರಾಣಿ ಹೊತ್ತು ತಳದ ಕೆಸರನ್ನು ಕೆದಕುವ ಟ್ರಯಾಪ್ಸ್‌ಗಳೂ ಇದೇ ಬಗೆಯ ಹೊಂಡಗಳಲ್ಲಿ ಬದುಕುತ್ತವೆ.

ಇವುಗಳಿಗೆ ಹೊಂಡವೇ ಬೇಕು, ಕೆರೆಯಲ್ಲ. ವರ್ಷವಿಡೀ ನೀರು ನಿಂತಲ್ಲಿ ಮೀನು ಇರುತ್ತದೆ. ನಿಧಾನವಾಗಿ ಈಜುವ, ಚಿಪ್ಪಿಲ್ಲದ ಈ ಸೀಗಡಿ ಮೀನಿನ ಮುಂದೆ ಒಂದು ದಿನವೂ ಉಳಿಯದು. ಮೀನು ಬದುಕಲಾರದಷ್ಟು ಅಲ್ಪಾಯುವಿನ ನೀರೇ ಇದರ ಆಶ್ರಯ. ಬೇರೆ ಜೀವಿಗಳಿಗೆ ಶಾಪವಾದ ಬರವೇ ಇದಕ್ಕೆ ಕಾವಲು. ಆ ಕಾವಲಿಗೆ ತೆರಬೇಕಾದ ಬೆಲೆಯೂ ಇದೆ. ಮೊಟ್ಟೆಯಿಂದ ಹೊರಬಂದು, ಬೆಳೆದು, ಕೂಡಿ, ಮುಂದಿನ ಪೀಳಿಗೆಯ ಮೊಟ್ಟೆಗಳನ್ನು ಇಟ್ಟು ಮುಗಿಸುವುದೆಲ್ಲ ಕೆಲವೇ ವಾರಗಳಲ್ಲಿ ಆಗಬೇಕು. ಬಿಸಿಲಿನ ಹೊಂಡದಲ್ಲಿ ಎರಡು ವಾರದೊಳಗೇ ಸೀಗಡಿ ಪ್ರಾಯಕ್ಕೆ ಬರುವುದುಂಟು.

ನೀರು ಬತ್ತಿದಾಗ ಸೀಗಡಿ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಈ ಮೊಟ್ಟೆ ಸಾಧಾರಣ ಮೊಟ್ಟೆಯಲ್ಲ. ತಾಯಿಯ ದೇಹದಿಂದ ಹೊರಬರುವ ಹೊತ್ತಿಗೆ ಅದರೊಳಗಿನ ಭ್ರೂಣ ಸಾವಿರಾರು ಕೋಶಗಳವರೆಗೆ ಬೆಳೆದು ಅಲ್ಲೇ ನಿಂತಿರುತ್ತದೆ. ಸುತ್ತ ಗಟ್ಟಿ ಕವಚ. ಮಿಲಿಮೀಟರಿನ ಕಾಲು ಭಾಗದಷ್ಟು ಗಾತ್ರದ ಈ ಕಣ ಪೂರ್ತಿ ಒಣಗಿದ ಮೇಲೆ ಒಳಗೆ ಉಸಿರಾಟವಾಗಲಿ ಚಯಾಪಚಯವಾಗಲಿ ಅಳತೆಗೆ ಸಿಗದಷ್ಟು ಕ್ಷೀಣಿಸುತ್ತದೆ. ಈ ಸೀಗಡಿಗಳ ಉಪ್ಪುನೀರಿನ ಸಂಬಂಧಿ ಆರ್ಟೀಮಿಯಾದ ಮೇಲೆ ನಡೆದ ಸಂಶೋಧನೆಯಿಂದ ಇದರ ಗುಟ್ಟು ಬಹುಮಟ್ಟಿಗೆ ಬಯಲಾಗಿದೆ. ಭ್ರೂಣ ತನ್ನೊಳಗೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ನೀರು ಹೋದಂತೆ ಕೋಶದ ಪೊರೆಗಳನ್ನೂ ಪ್ರೋಟೀನುಗಳನ್ನೂ ಅವುಗಳ ಆಕಾರ ಕೆಡದಂತೆ ಈ ಸಕ್ಕರೆ ಹಿಡಿದು ನಿಲ್ಲಿಸುತ್ತದೆ. ನೀರು ಮರಳಿ ಬಂದಾಗ ಸಕ್ಕರೆ ಕರಗಿ, ಕೋಶ ನಿಂತಲ್ಲಿಂದ ಮುಂದುವರಿಯುತ್ತದೆ, ಮತ್ತೆ ಬೆಳೆಯತೊಡಗಿದ ಭ್ರೂಣಕ್ಕೆ ಆ ಸಕ್ಕರೆಯೇ ಮೊದಲ ಇಂಧನವೂ ಆಗುತ್ತದೆ.

ಒಣಗಿ ಮರಳಿ ಎದ್ದು ಬರುವ ಜೀವಿಗಳನ್ನು ಮನುಷ್ಯ ಮೊದಲು ಕಂಡದ್ದು ಮೂರು ಶತಮಾನಗಳ ಹಿಂದೆ. ಹಾಲೆಂಡಿನ ಆಂಟೊನಿ ವಾನ್ ಲೇವನ್‌ಹುಕ್ 1702ರಲ್ಲಿ ಮನೆಯ ಮಾಡಿನ ಹರಿನಾಳೆಯ ಒಣ ಧೂಳಿಗೆ ನೀರು ಬೆರೆಸಿ ಸೂಕ್ಷ್ಮದರ್ಶಕದಡಿ ನೋಡಿದಾಗ ರೋಟಿಫರ್ ಎಂಬ ಸೂಕ್ಷ್ಮಜೀವಿಗಳು ಮೈಮುರಿದು ಚಲಿಸತೊಡಗಿದವು. 1743ರಲ್ಲಿ ಇಂಗ್ಲೆಂಡಿನ ಜಾನ್ ನೀಡ್ಹ್ಯಾಮ್ ರೋಗ ತಗುಲಿ ಕಪ್ಪಾದ ಗೋಧಿ ಕಾಳನ್ನು ನೀರಿನಲ್ಲಿ ಒಡೆದಾಗ ಅದರೊಳಗಿಂದ ಜಂತುಗಳು ಎದ್ದು ಹೊರಳಾಡಿದವು. 2021ರಲ್ಲಿ ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಿಂದ ತೆಗೆದ ಸುಮಾರು 24,000 ವರ್ಷ ಹಳೆಯ ರೋಟಿಫರ್‌ಗಳು ಪ್ರಯೋಗಾಲಯದಲ್ಲಿ ಎಚ್ಚೆತ್ತು ಸಂತಾನ ಬೆಳೆಸಿದ ವರದಿ ಬಂತು. ಎರಿ ನೆಲದ ಹೊಂಡದಲ್ಲಿ ಕಾಯಬೇಕಾದ್ದು ಸಾಮಾನ್ಯವಾಗಿ ಎಂಟು-ಹತ್ತು ತಿಂಗಳು. ಬರಗಾಲ ಬಿದ್ದರೆ ಎರಡೋ ಮೂರೋ ವರ್ಷ.

ಬರಗಾಲದ ಲೆಕ್ಕ ಈ ಮೊಟ್ಟೆಗಳಿಗೂ ಗೊತ್ತಿರುವಂತೆ ಅವುಗಳ ವರ್ತನೆ ಇದೆ. ಮೊದಲ ಮಳೆಗೆ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಒಂದಿಷ್ಟು ಒಡೆದರೆ ಉಳಿದವು ಹಾಗೇ ಮಣ್ಣಿನಲ್ಲಿರುತ್ತವೆ. ಮಿರಗದ ಮಳೆ ಹೊಂಡ ತುಂಬಿಸಿ ಮಾಯವಾಗಿ, ನೀರು ವಾರಕ್ಕೇ ಬತ್ತಿದರೆ ಹೊರಬಂದ ಮರಿಗಳೆಲ್ಲ ಪ್ರಾಯಕ್ಕೆ ಬರುವ ಮುನ್ನವೇ ಸಾಯುತ್ತವೆ. ಆಗ ವಂಶ ಉಳಿಯುವುದು ಒಡೆಯದೆ ಉಳಿದ ಮೊಟ್ಟೆಗಳಿಂದ. ಒಂದೇ ತಾಯಿಯ ಮೊಟ್ಟೆಗಳಲ್ಲೇ ಕೆಲವು ಬೇಗ, ಕೆಲವು ತಡವಾಗಿ ಒಡೆಯುವ ಈ ಕ್ರಮವನ್ನು ಜಗತ್ತಿನ ಹಲವು ಮರುಭೂಮಿ ಹೊಂಡಗಳಲ್ಲಿ ಅಧ್ಯಯನ ಮಾಡಲಾಗಿದೆ. ಮಳೆ ಎಲ್ಲಿ ಹೆಚ್ಚು ಅನಿಶ್ಚಿತವೋ ಅಲ್ಲಿ ಒಮ್ಮೆಲೆ ಒಡೆಯುವ ಮೊಟ್ಟೆಗಳ ಪಾಲು ಕಡಿಮೆ ಇರಬೇಕೆಂಬುದು ವಿಜ್ಞಾನಿಗಳ ಲೆಕ್ಕಾಚಾರ. ಬೀಜವನ್ನೆಲ್ಲ ಒಂದೇ ಮಳೆಗೆ ಬಿತ್ತದೆ ಒಂದು ಪಾಲು ಹಗೇವಿನಲ್ಲಿ ಉಳಿಸಿಕೊಳ್ಳುವ ರೈತನ ಎಚ್ಚರಿಕೆಯಂಥದ್ದೇ ಇದು.

ಇದನ್ನು ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಬೇಸಿಗೆಯಲ್ಲಿ ಬತ್ತಿದ ಮಳೆಹೊಂಡದ ತಳದಿಂದ ಮೇಲ್ಪದರದ ಮಣ್ಣನ್ನು ಎರಡು ಬೆರಳಿನ ದಪ್ಪಕ್ಕಷ್ಟೇ ಕೆರೆದು, ಅಗಲ ಬಾಯಿಯ ಬೋಗುಣಿಗೆ ಹಾಕಿ, ಮೇಲೆ ಮಳೆನೀರು ಸುರಿದು ಬೆಳಕು ಬೀಳುವಲ್ಲಿ ಇಡಬೇಕು. ನಲ್ಲಿಯ ಕ್ಲೋರಿನ್ ನೀರು ಆಗದು. ಮಣ್ಣು ತಳಕ್ಕಿಳಿದು ನೀರು ತಿಳಿಯಾದ ಮೇಲೆ, ಮೊಟ್ಟೆಗಳಿದ್ದರೆ ಒಂದೆರಡು ದಿನಗಳಲ್ಲಿ ಭೂತಗನ್ನಡಿಯಲ್ಲಿ ಬಿಳಿ ಚುಕ್ಕೆಗಳು ಜಿಗಿಜಿಗಿದು ಓಡಾಡುವುದು ಕಾಣುತ್ತದೆ. ಮೂರು ಜೊತೆ ಅವಯವಗಳ, ಒಂಟಿ ಕಣ್ಣಿನ ಮರಿಗಳವು. ವಾರ ಕಳೆದರೆ ಬರಿಗಣ್ಣಿಗೂ ಸಿಗುತ್ತವೆ. ಶಾಲೆಯೊಂದರ ವಿಜ್ಞಾನ ತರಗತಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕೆರೆಯ ಹೂಳೂ ಇಂಥ ಮೊಟ್ಟೆಗಳ ಭಂಡಾರವೇ. ಅಲ್ಲಿ ಮುಖ್ಯವಾಗಿ ಇರುವುದು ನೀರುಚಿಗಟ ಎನ್ನುವ ಡ್ಯಾಫ್ನಿಯಾ ಬಳಗದ, ರೋಟಿಫರ್‌ಗಳ, ಕೋಪೆಪಾಡ್‌ಗಳ ಮೊಟ್ಟೆಗಳು. ವರ್ಷ ವರ್ಷವೂ ಹೂಳು ಪದರ ಪದರವಾಗಿ ಕೂರುವುದರಿಂದ ಆಳಕ್ಕೆ ಹೋದಷ್ಟೂ ಮೊಟ್ಟೆ ಹಳೆಯದು. ಅಮೆರಿಕದ ಮಿನ್ನೆಸೋಟಾದ ಕೆರೆಯೊಂದರ ತಳದಿಂದ ತೆಗೆದ ಸುಮಾರು 700 ವರ್ಷ ಹಳೆಯ ನೀರುಚಿಗಟದ ಮೊಟ್ಟೆಗಳನ್ನು ಒಡೆಸಿ, ಇಂದಿನ ಪೀಳಿಗೆಯೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮುಂಡರಗಿ ತಾಲ್ಲೂಕಿನ ಡಂಬಳದಂಥ ಊರುಗಳ ಹಳೆಯ ಕೆರೆಗಳ ವಿಷಯದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವುದು ಈ ಸೀಮೆಯ ಒಳ್ಳೆಯ ಪದ್ಧತಿ. ಅದರಿಂದ ಕೆರೆಗೂ ಹೊಲಕ್ಕೂ ಲಾಭ. ಆದರೆ ಯಂತ್ರ ಇಳಿಸಿ ಇಡೀ ತಳವನ್ನು ಒಂದೇ ಬೇಸಿಗೆಯಲ್ಲಿ ಗಟ್ಟಿ ನೆಲದವರೆಗೆ ಕೆರೆದರೆ ಮುಂದಿನ ಮಳೆಗಾಲದಲ್ಲಿ ನೀರಿಗೆ ಜೀವ ತುಂಬಬೇಕಾದ ಮೊಟ್ಟೆಗಳೂ ಟ್ರ್ಯಾಕ್ಟರ್ ಏರಿ ಹೋಗುತ್ತವೆ. ಪಾಚಿಯನ್ನು ತಿಂದು ನೀರನ್ನು ತಿಳಿಯಾಗಿಡುವುದೂ ಮೀನಿನ ಮರಿಗೆ ಮೊದಲ ಆಹಾರವಾಗುವುದೂ ಈ ಮೊಟ್ಟೆಗಳಿಂದ ಹೊರಬರುವ ಜೀವಿಗಳೇ. ಕೆರೆಯ ಒಂದು ಮೂಲೆಯ ಮೇಲ್ಪದರವನ್ನಾದರೂ ಮುಟ್ಟದೆ ಬಿಡುವುದು ಖರ್ಚಿಲ್ಲದ ಎಚ್ಚರಿಕೆ. ಹೂಳೆತ್ತುವ ಯೋಜನೆಗಳಲ್ಲಿ ಅದಕ್ಕೆ ಜಾಗ ಇರಲೇಬೇಕು.

ಒಂದು ಹೊಂಡದಿಂದ ಇನ್ನೊಂದಕ್ಕೆ ಈ ಜೀವಿಗಳು ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ಹಕ್ಕಿಗಳ ಬಳಿ ಇದೆ. ಶಿರಹಟ್ಟಿ ತಾಲ್ಲೂಕಿನ, ಲಕ್ಷ್ಮೇಶ್ವರಕ್ಕೂ ಹತ್ತಿರವಿರುವ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 54.38 ಹೆಕ್ಟೇರ್‌ನ ಈ ಕೆರೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. ಅವುಗಳ ಹಿಕ್ಕೆ ನೀರಿಗೆ ಗೊಬ್ಬರ, ಗೊಬ್ಬರದಿಂದ ಪಾಚಿ, ಪಾಚಿಯಿಂದ ನೀರುಚಿಗಟ ಮತ್ತು ಕೆಸರಿನ ಕೆಂಪು ಹುಳು, ಆ ಹುಳುಗಳಿಂದ ದಂಡೆಯಲ್ಲಿ ಕೆಸರು ಕುಕ್ಕುವ ಸಣ್ಣ ಹಕ್ಕಿಗಳ ಹೊಟ್ಟೆ. ಹಕ್ಕಿಗಳು ಸಣ್ಣ ಜೀವಿಗಳನ್ನು ಹೊತ್ತೊಯ್ಯುವ ಬಗ್ಗೆ ಚಾರ್ಲ್ಸ್ ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ಬಾತುಕೋಳಿಯ ಪಾದವನ್ನು ನೀರಿನಲ್ಲಿ ತೂಗಬಿಟ್ಟ ಪ್ರಯೋಗವನ್ನು ಹೇಳುತ್ತಾನೆ. ಆಗಷ್ಟೇ ಮೊಟ್ಟೆಯೊಡೆದ ಬಸವನಹುಳುಗಳು ಅದನ್ನು ಹತ್ತಿ ಗಟ್ಟಿಯಾಗಿ ಅಂಟಿಕೊಂಡವು. ನೀರಿನಿಂದ ತೆಗೆದ ಮೇಲೂ ತೇವದ ಗಾಳಿಯಲ್ಲಿ 12ರಿಂದ 20 ಗಂಟೆ ಬದುಕಿದ್ದವು. ಅಷ್ಟು ಹೊತ್ತಿನಲ್ಲಿ ಬಾತುಕೋಳಿ ನೂರಾರು ಮೈಲಿ ಹಾರಬಲ್ಲದು ಎಂದು ಅವನು ಲೆಕ್ಕ ಹಾಕಿದ. ಸೀಗಡಿ ಬಳಗದ ಗಟ್ಟಿ ಕವಚದ ಮೊಟ್ಟೆಗಳು ಹಕ್ಕಿಯ ಕರುಳಿನ ಮೂಲಕ ಹಾದು ಜೀವಂತ ಹೊರಬರುತ್ತವೆ ಎಂಬುದನ್ನು ನಂತರದ ಅಧ್ಯಯನಗಳು ತೋರಿಸಿವೆ.

ನಿಂತ ನೀರಿನ ಇದೇ ಸಣ್ಣ ಜೀವಿಗಳ ನಡುವೆ ಒಂದು ಹುಳು ಉತ್ತರ ಕರ್ನಾಟಕದ ಜನರನ್ನು ತಲೆಮಾರುಗಟ್ಟಲೆ ಕಾಡಿತ್ತು. ಅದು ನಾರುಹುಣ್ಣಿನ ಹುಳು. ಇಂದಿನ ಮೂವತ್ತರ ಒಳಗಿನವರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ. ವೈಜ್ಞಾನಿಕವಾಗಿ ಅದು ಡ್ರಾಕನ್‌ಕ್ಯುಲಸ್ ಮೆಡಿನೆನ್ಸಿಸ್. ಹೆಣ್ಣುಹುಳು 60 ಸೆಂಟಿಮೀಟರಿನಿಂದ ಒಂದು ಮೀಟರ್ ಉದ್ದ, ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ. ಗಂಡು ಬರಿ ಕೆಲವು ಸೆಂಟಿಮೀಟರ್. ಕೂಡಿದ ಮೇಲೆ ಗಂಡು ಮನುಷ್ಯನ ದೇಹದೊಳಗೇ ಸಾಯುತ್ತದೆ. ಹೆಣ್ಣು ಚರ್ಮದಡಿಯಲ್ಲಿ ನಿಧಾನವಾಗಿ ಇಳಿಯುತ್ತ, ಸೋಂಕಿನ ನೀರು ಕುಡಿದ ಸುಮಾರು ಒಂದು ವರ್ಷಕ್ಕೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ ಬೊಬ್ಬೆಯಾಗಿ ಏಳುತ್ತದೆ. ಬೊಬ್ಬೆ ಬೆಂಕಿ ಹಚ್ಚಿದಂತೆ ಉರಿಯುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ತಣ್ಣೀರು ತಾಗಿದ ಕೂಡಲೇ ಬೊಬ್ಬೆ ಒಡೆದು ಲಕ್ಷಗಟ್ಟಲೆ ಮರಿಗಳು ಹಾಲಿನಂಥ ದ್ರವವಾಗಿ ನೀರಿಗೆ ಬೀಳುತ್ತವೆ.

ಹುಳು ತೆಗೆಯುವ ವಿಧಾನ ಸಾವಿರಾರು ವರ್ಷಗಳಿಂದ ಬದಲಾಗಲಿಲ್ಲ. ಹುಣ್ಣಿನಿಂದ ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಎಳೆಯಬೇಕು. ಸುತ್ತಿದ ಕಡ್ಡಿಯನ್ನು ಹುಣ್ಣಿನ ಪಕ್ಕಕ್ಕೇ ಬಟ್ಟೆಯಿಂದ ಕಟ್ಟಿ, ಮರುದಿನ ಮತ್ತೆ ಒಂದು ಸುತ್ತು. ಹೀಗೆ ವಾರಗಟ್ಟಲೆ. ಅವಸರದಲ್ಲಿ ಜಗ್ಗಿ ಹುಳು ತುಂಡಾದರೆ ಒಳಗೆ ಉಳಿದ ಭಾಗ ಮಾಂಸಖಂಡದೊಳಕ್ಕೆ ಸರಿಯುತ್ತದೆ. ಸುತ್ತ ಬಾವು, ಕೀವು. ಕೀಲಿನ ಹತ್ತಿರವಾದರೆ ಕಾಲು ಬಿಗಿದುಕೊಳ್ಳುವುದುಂಟು. ಈ ರೋಗಕ್ಕೆ ಅಂದೂ ಔಷಧವಿರಲಿಲ್ಲ, ಇಂದೂ ಇಲ್ಲ. ಲಸಿಕೆಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ರಕ್ಷಣೆಯೂ ಇಲ್ಲ. ಜನ ಸಾಯುತ್ತಿದ್ದುದು ವಿರಳ. ಆದರೆ ಹುಳು ಹೊರಬೀಳುವ ಕಾಲ ಹಲವೆಡೆ ಹೊಲದ ಕೆಲಸದ ಕಾಲವೇ ಆಗಿರುತ್ತಿತ್ತು. ದುಡಿಯುವ ಆಳು ಬಿತ್ತನೆಗೋ ಸುಗ್ಗಿಗೋ ಹಾಸಿಗೆ ಹಿಡಿದರೆ ಆ ವರ್ಷದ ಅನ್ನವೇ ಹೋದಂತೆ.

ನೀರಿಗೆ ಬಿದ್ದ ಮರಿ ತಾನಾಗಿ ಮನುಷ್ಯನನ್ನು ಹೊಗಲಾರದು. ಮೂರು ದಿನದೊಳಗೆ ಅದನ್ನು ಸೈಕ್ಲಾಪ್ಸ್ ನುಂಗಬೇಕು. ಸೈಕ್ಲಾಪ್ಸ್ ಎಂದರೆ ಒಂಟಿ ಕಣ್ಣಿನ, ಒಂದೆರಡು ಮಿಲಿಮೀಟರಿನ ಕೋಪೆಪಾಡ್. ಮಳೆಹೊಂಡದ ಸೀಗಡಿಗಳ ದೂರದ ಬಳಗ. ಅದರ ದೇಹದೊಳಗೆ ಮರಿ ಎರಡು ಸಲ ಪೊರೆ ಕಳಚಿ ಸುಮಾರು ಎರಡು ವಾರದಲ್ಲಿ ಸೋಂಕು ತಗುಲಿಸುವ ಹಂತಕ್ಕೆ ಬರುತ್ತದೆ. ಸೈಕ್ಲಾಪ್ಸ್ ಸಹಿತ ನೀರು ಕುಡಿದರೆ ಜಠರದ ಆಮ್ಲ ಸೈಕ್ಲಾಪ್ಸನ್ನು ಕೊಲ್ಲುತ್ತದೆ, ಮರಿಯನ್ನು ಬಿಡುಗಡೆ ಮಾಡುತ್ತದೆ. ಹುಳುವಿನ ಮರಿ ಸೈಕ್ಲಾಪ್ಸ್‌ನೊಳಗೆ ಹೊಗುವುದನ್ನು ರಷ್ಯಾದ ಅಲೆಕ್ಸಿ ಫೆಡ್‌ಚೆಂಕೊ 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡುಹಿಡಿದ. ಕ್ರಿಮಿಯೊಂದರ ಜೀವನಚಕ್ರಕ್ಕೆ ಸಂಧಿಪದಿ ಜೀವಿಯೊಂದು ಬೇಕೆಂದು ಮನುಷ್ಯನ ರೋಗಗಳ ಚರಿತ್ರೆಯಲ್ಲಿ ತಿಳಿದುಬಂದ ಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಮಲೇರಿಯಾ-ಸೊಳ್ಳೆಯ ನಂಟು ಗೊತ್ತಾಗಲು ಇನ್ನೂ ಕಾಲು ಶತಮಾನ ಬೇಕಾಯಿತು.

ಈ ಸಂಶೋಧನೆಗೆ ಕನ್ನಡ ನಾಡಿನ ಕೊಡುಗೆ ದೊಡ್ಡದು, ಸ್ಮರಣೆ ಮಾತ್ರ ಸಣ್ಣದು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಡಾ. ವಿ.ಎನ್. ಮೂರ್ತಿ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಾರುಹುಣ್ಣನ್ನು ಬೆನ್ನು ಹತ್ತಿದರು. ಮೊದಲ ಸಮೀಕ್ಷೆ 1932ರಲ್ಲಿ ಪ್ರಕಟವಾಯಿತು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಮೈಸೂರಿಗೆ ಬಂದಿದ್ದ ಡಬ್ಲ್ಯು.ಸಿ. ಸ್ವೀಟ್ ಅವರೊಂದಿಗೆ ಸೇರಿ, ಬಾವಿಗಳ ಸೈಕ್ಲಾಪ್ಸ್‌ಗಳಲ್ಲಿ ಸಹಜವಾಗಿಯೇ ಸೋಂಕು ಇರುವುದನ್ನು ಮೂರ್ತಿ ತೋರಿಸಿದರು. ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಮೆಟ್ಟಿಲು ಬಾವಿಗಳಿಗೆ ಬಿಟ್ಟು ರೋಗ ತಡೆಯುವ ವಿಧಾನವನ್ನು 1936ರಲ್ಲಿ ಇಬ್ಬರೂ ಪ್ರಕಟಿಸಿದರು. ಬಾವಿಗೆ ವಿಷ ಹಾಕದೆ, ನೀರಿನ ಬಳಕೆ ನಿಲ್ಲಿಸದೆ, ಒಂದು ಜೀವಿಯಿಂದ ಇನ್ನೊಂದನ್ನು ಹತೋಟಿಗೆ ತರುವ ಆಲೋಚನೆ ಆ ಕಾಲಕ್ಕೆ ಬಹಳ ಮುಂದಿನದು. ಸೈಕ್ಲಾಪ್ಸ್‌ನೊಳಗೆ ಮರಿ ಬೆಳೆಯುವ ಹಂತಗಳನ್ನು ಮೂರ್ತಿ 1938ರಲ್ಲಿ ವಿವರವಾಗಿ ಬರೆದರು. ನಾಯಿಗಳಿಗೆ ಸೋಂಕು ತಗುಲಿಸಿ, ಅಪರೂಪಕ್ಕೆ ಕಾಣುವ ಗಂಡುಹುಳುವನ್ನು ಪಡೆದು ಅದರ ರಚನೆಯನ್ನೂ ದಾಖಲಿಸಿದರು. ಹುಳುಶಾಸ್ತ್ರದ ಗ್ರಂಥಗಳಲ್ಲಿ ಅವರ ಹೆಸರು ಇಂದಿಗೂ ಬರುತ್ತದೆ. ಕನ್ನಡದ ಶಾಲಾ ಪಠ್ಯದಲ್ಲೂ ಅದು ಬರಬೇಕು.

ಮೆಟ್ಟಿಲು ಬಾವಿಯೇ ಯಾಕೆ? ಹಗ್ಗ-ಕೊಡ ಬಿಟ್ಟು ಸೇದುವ ಬಾವಿಯಲ್ಲಿ ಮನುಷ್ಯನ ಕಾಲು ನೀರಿಗೆ ತಾಗುವುದಿಲ್ಲ. ಪಾವಟಿಗೆ ಇಳಿದು ಕೊಡ ಮುಳುಗಿಸುವ ಬಾವಿಯಲ್ಲಿ ಹುಣ್ಣಿನ ಕಾಲೂ ಕುಡಿಯುವ ನೀರೂ ಒಂದೇ ಕಡೆ ಸೇರುತ್ತವೆ. ಸೋಂಕು ತಗುಲಿದ ಸೈಕ್ಲಾಪ್ಸ್ ಮಂದವಾಗಿ ತಳಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಕೊಡಕ್ಕೆ ಬರುವುದು ಆ ತಳದ ನೀರೇ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಕಟ್ಟಡಗಳನ್ನು ನಿರ್ಮಿಸಿದ ನಾಡಿನಲ್ಲಿ ಮೆಟ್ಟಿಲು ಬಾವಿ ನೀರಿನ ಸಂಸ್ಕೃತಿಯ ಶಿಖರ. ದೋಷ ಇದ್ದದ್ದು ಶಿಲ್ಪದಲ್ಲಲ್ಲ, ಕಾಲಿನಿಂದ ನೀರಿಗೆ ದಾಟುವ ಆ ಒಂದು ಹಾದಿಯಲ್ಲಿ.

ಭಾರತದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983-84ರಲ್ಲಿ ಶುರುವಾಯಿತು. ಮುಂದಾಳತ್ವ ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯದು. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಗಳ ಜತೆಗೆ ಕರ್ನಾಟಕವೂ ರೋಗಪೀಡಿತ ರಾಜ್ಯ. ರಾಜ್ಯದೊಳಗೆ ಉತ್ತರದ ಒಣ ಜಿಲ್ಲೆಗಳೇ ಹೆಚ್ಚು ನೊಂದವು. ಕೆಲಸ ನಡೆದದ್ದು ಆಸ್ಪತ್ರೆಗಿಂತ ಬಾವಿಯ ದಂಡೆಯಲ್ಲಿ. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿಯಾಗಿಸಿದರು, ಕೈಪಂಪು ಹಾಕಿದರು, ಸೈಕ್ಲಾಪ್ಸ್ ಕೊಲ್ಲಲು ಅಬೇಟ್ ಎಂಬ ಟೆಮೆಫಾಸ್ ಕೀಟನಾಶಕವನ್ನು ಅಳತೆ ಮಾಡಿ ನೀರಿಗೆ ಬೆರೆಸಿದರು. ಮನೆಮನೆಗೆ ಹೋಗಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಂತೆ ಕಲಿಸಿದರು. ಸೈಕ್ಲಾಪ್ಸ್ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದ್ದರಿಂದ ಮಡಿಕೆ ಹಾಕಿದ ಒತ್ತಾದ ಬಟ್ಟೆ ಅದನ್ನು ತಡೆಯುತ್ತದೆ. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡುಬಂದರು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ಒಂದು ಗುಳಿಗೆಯ ನೆರವೂ ಇಲ್ಲದೆ, ಹುಳುವಿನ ಬದುಕನ್ನು ಸರಿಯಾಗಿ ಅರಿತದ್ದರಿಂದಲೇ ದೊರೆತ ಗೆಲುವು ಇದು.

ಜಗತ್ತಿನಲ್ಲಿ 1986ರಲ್ಲಿ ಅಂದಾಜು 35 ಲಕ್ಷ ರೋಗಿಗಳಿದ್ದರು. 2023ರಲ್ಲಿ ವರದಿಯಾದದ್ದು 14 ಮಾತ್ರ. ಕೊನೆಯ ಹೆಜ್ಜೆ ಕಷ್ಟವಾಗಿರುವುದಕ್ಕೆ ಕಾರಣ ನಾಯಿಗಳು. 2012ರಿಂದ ಆಫ್ರಿಕಾದ ಚಾಡ್ ದೇಶದಲ್ಲಿ ನೂರಾರು ನಾಯಿಗಳಲ್ಲಿ ಇದೇ ಹುಳು ಕಂಡುಬಂದಿದೆ. ನಾಯಿಯ ದೇಹದಲ್ಲಿ ಈ ಹುಳು ಪೂರ್ತಿ ಬೆಳೆಯಬಲ್ಲದೆಂದು ಮೂರ್ತಿ ಮತ್ತು ಸ್ವೀಟ್ 1930ರ ದಶಕದಲ್ಲೇ ಬರೆದಿಟ್ಟಿದ್ದರು.

ನೀರಿನಿಂದ ನೆಲಕ್ಕೆ ಬಂದರೆ, ಹೊಲದ ಮಣ್ಣಿನಲ್ಲಿ ಎಲ್ಲರೂ ಬಲ್ಲ ಜೀವಿ ಎರೆಹುಳು. ಭಾರತದ ಎರೆಹುಳುಗಳ ಮೊದಲ ಸಮಗ್ರ ಗ್ರಂಥವನ್ನು ಜೆ. ಸ್ಟೀಫನ್‌ಸನ್ 1923ರಲ್ಲಿ ಹೊರತಂದ. ದಕ್ಷಿಣದ ಹೊಲಗಳಲ್ಲಿ ಸಾಮಾನ್ಯವಾಗಿರುವ ಲ್ಯಾಂಪಿಟೊ ಮಾರಿಟಿಯಂಥ ಹುಳುಗಳು ಮಣ್ಣು ಒಣಗಿದಂತೆ ಆಳಕ್ಕಿಳಿಯುತ್ತವೆ. ಬೇಸಿಗೆಯ ಬಿಸಿಗೆ ಸಿಕ್ಕ ಎರೆಹುಳು ಪುಟ್ಟ ಗೂಡು ಮಾಡಿ, ಗೂಡಿನ ಗೋಡೆಗೆ ಲೋಳೆ ಮೆತ್ತಿ, ಗಂಟಾಗಿ ಸುತ್ತಿಕೊಂಡು ಮಲಗುತ್ತದೆ. ಗೊಬ್ಬರದ ತೊಟ್ಟಿಗಳಲ್ಲಿ ಸಾಕುವ ಹುಳು ಬೇರೆ. ಅದು ಹೆಚ್ಚಾಗಿ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ನಡೆಸಿದ ಪ್ರಯೋಗಗಳು ಎರೆಗೊಬ್ಬರವನ್ನು ರೈತರ ಹತ್ತಿರಕ್ಕೆ ತಂದವು. ಹೊಲದ ಹುಳುವನ್ನೂ ತೊಟ್ಟಿಯ ಹುಳುವನ್ನೂ ಒಂದೇ ಎಂದುಕೊಂಡರೆ ನಷ್ಟವಾಗುತ್ತದೆ. ಕಸ ತಿಂದು ಮೇಲ್ಪದರದಲ್ಲೇ ಇರುವ ತೊಟ್ಟಿಯ ಹುಳುವನ್ನು ಒಣ ಎರಿ ಹೊಲಕ್ಕೆ ಬಿಟ್ಟರೆ ಅದು ಬದುಕುವುದಿಲ್ಲ. ಹೊಲದ ಹುಳು ಹೆಚ್ಚಬೇಕಾದರೆ ಹೊಲದಲ್ಲಿ ಹೊದಿಕೆ, ತೇವ, ಸೆಗಣಿ ಗೊಬ್ಬರ ಬೇಕು.

ಎರೆಹುಳುವಿಗಿಂತ ಸಾವಿರಪಟ್ಟು ಹೆಚ್ಚು ಸಂಖ್ಯೆಯಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳುಗಳ ಕಥೆ ಬೇರೆಯೇ. ಟೊಮೆಟೊ, ಬದನೆ, ಮೆಣಸಿನಗಿಡ, ದಾಳಿಂಬೆ ಬೇರು ಕಿತ್ತಾಗ ಕಾಣುವ ಗಂಟುಗಳು ಮೆಲಾಯ್ಡೊಗೈನ್ ಎಂಬ ಜಂತುವಿನ ಕೆಲಸ. ಮಿಲಿಮೀಟರಿನ ಅರ್ಧದಷ್ಟೂ ಇಲ್ಲದ ಮರಿ ಬೇರಿನ ತುದಿ ಹೊಕ್ಕು, ಗಿಡದ ಕೋಶಗಳನ್ನೇ ಉಬ್ಬಿಸಿ ತನಗೆ ಉಣಿಸುವಂತೆ ಮಾಡಿಕೊಂಡು, ಅಲ್ಲೇ ನೂರಾರು ಮೊಟ್ಟೆಗಳ ಗೊಂಚಲು ಇಡುತ್ತದೆ. ಇದಕ್ಕೆ ಎದುರು, ರೈತನ ಪರವಾಗಿ ನಿಲ್ಲುವ ಜಂತುಗಳೂ ಇವೆ. ಹೆಟರೊರ್‍ಹ್ಯಾಬ್ಡಿಟಿಸ್ ಇಂಡಿಕಾ ಎಂಬ ಜಾತಿಯನ್ನು ಕೊಯಮತ್ತೂರಿನ ಮಾದರಿಯಿಂದ 1992ರಲ್ಲಿ ಹೆಸರಿಸಲಾಯಿತು. ಇದು ಮಣ್ಣಿನೊಳಗಿನ ಗೊಣ್ಣೆಹುಳುವಿನ ದೇಹ ಹೊಕ್ಕು, ತನ್ನ ಕರುಳಿನಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾವನ್ನು ಅಲ್ಲಿ ಉಗುಳುತ್ತದೆ. ಒಂದೆರಡು ದಿನದಲ್ಲಿ ಗೊಣ್ಣೆಹುಳು ಸತ್ತು ಇಟ್ಟಿಗೆ ಕೆಂಪಾಗುತ್ತದೆ, ಕತ್ತಲಲ್ಲಿ ಮಂದವಾಗಿ ಹೊಳೆಯುತ್ತದೆ. ಆ ಹೆಣದಿಂದ ಲಕ್ಷಾಂತರ ಹೊಸ ಜಂತುಗಳು ಹೊರಡುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ಪುಡಿಯ ರೂಪದಲ್ಲಿ ಬಳಸುವ ತಂತ್ರ ರೂಪಿಸಿದೆ. ತೇವವಿಲ್ಲದ ಮಣ್ಣಿನಲ್ಲಿ ಇದು ಕೆಲಸ ಮಾಡದು. ಆದ್ದರಿಂದ ಶೇಂಗಾ ಹೊಲಕ್ಕೆ ಮಳೆಯಾದ ಮೇಲೆ, ಸಂಜೆಯ ಹೊತ್ತಿಗೆ ಹಾಕಬೇಕು.

ಮಸಾರಿ ನೆಲದ ಕಡೆಗೆ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದಂಥ ಒಣ ಕುರುಚಲು ಕಾಡುಗಳಲ್ಲಿ, ಎರೆಹುಳುವಿನ ಕೆಲಸವನ್ನು ಬಹುಪಾಲು ಗೆದ್ದಲು ಮಾಡುತ್ತದೆ. ದಕ್ಷಿಣ ಭಾರತದ ಎತ್ತರದ ಹುತ್ತಗಳನ್ನು ಕಟ್ಟುವ ಓಡಾಂಟೊಟರ್ಮಿಸ್ ಒಬೀಸಸ್ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಳ್ಳೆಯ ಕೆಲಸ ನಡೆದಿದೆ. ಮಣ್ಣಿಗೆ ಎಷ್ಟು ತೇವ ಇದ್ದರೆ ಉಂಡೆ ಕಟ್ಟಲು ಹದವೆಂದು ಗೆದ್ದಲು ಆರಿಸಿಕೊಳ್ಳುತ್ತದೆ, ತನ್ನ ಸ್ರಾವ ಬೆರೆಸಿ ಮಣ್ಣನ್ನು ಹಲವು ಪಟ್ಟು ಗಟ್ಟಿ ಮಾಡುತ್ತದೆ. ಹುತ್ತದ ಗಾಳಿ ಹೇಗೆ ಆಡುತ್ತದೆಂಬುದನ್ನು 2015ರ ಅಧ್ಯಯನವೊಂದು ಅಳೆದು ತೋರಿಸಿತು. ಹಗಲು ಹೊರಗೋಡೆ ಕಾದಾಗ ಗಾಳಿ ಅಂಚಿನಲ್ಲಿ ಏರಿ ನಡುವೆ ಇಳಿಯುತ್ತದೆ, ರಾತ್ರಿ ತಿರುವುಮುರುವಾಗುತ್ತದೆ.

ಇನ್ನು ಹೊಳೆಯ ಕಡೆಗೆ ಬಂದರೆ, ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಜಲಾನಯನದಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಚಿಪ್ಪುಜೀವಿಯೊಂದಿದೆ. ಸಾಮಾನ್ಯ ಕಪ್ಪೆಚಿಪ್ಪು ಹೊಳೆಯ ಮರಳಿನಲ್ಲಿ ಹೂತು ಸರಿದಾಡುತ್ತದೆ. ಸ್ಯೂಡೊಮುಲ್ಲೇರಿಯಾ ಡೇಲಿ ಎಂಬ ಇದು ಸಮುದ್ರದ ಸಿಂಪಿಯಂತೆ ಬಂಡೆಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಮೈಸೂರು ಸೀಮೆಯಿಂದ ಹೋದ ಮಾದರಿಯನ್ನು ಲಂಡನ್ನಿನ ಇ.ಎ. ಸ್ಮಿತ್ 1898ರಲ್ಲಿ ವಿವರಿಸಿದಾಗ ಪ್ರಾಣಿಶಾಸ್ತ್ರಜ್ಞರು ಬೆರಗಾದರು. ಹೀಗೆ ಅಂಟುವ ಸಿಹಿನೀರಿನ ಚಿಪ್ಪುಜೀವಿಗಳು ಅಲ್ಲಿಯವರೆಗೆ ಗೊತ್ತಿದ್ದದ್ದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿ. ಮೂರೂ ಭೂಖಂಡಗಳು ಒಂದಾಗಿದ್ದ ಗೊಂಡ್ವಾನ ಕಾಲದ ಒಂದೇ ವಂಶವೆಂದು ಬಹುಕಾಲ ನಂಬಲಾಗಿತ್ತು. 2000ದಲ್ಲಿ ಆರ್ಥರ್ ಬೋಗನ್ ಮತ್ತು ವಾಲ್ಟರ್ ಹೋ ಡಿಎನ್‌ಎ ಹೋಲಿಸಿ ನೋಡಿದಾಗ ಚಿತ್ರ ಬದಲಾಯಿತು. ಕರ್ನಾಟಕದ ಜೀವಿ ಆಫ್ರಿಕಾದ ಅಂಟುಚಿಪ್ಪುಗಳಿಗಿಂತ ಸಾಮಾನ್ಯ ಕಪ್ಪೆಚಿಪ್ಪುಗಳಿಗೇ ಹತ್ತಿರದ್ದು. ರಭಸದ ನೀರಿನಲ್ಲಿ ಬಂಡೆಗೆ ಅಂಟುವ ಉಪಾಯವನ್ನು ಅದು ಬೇರೆಯಾಗಿಯೇ ಕಂಡುಕೊಂಡಿದೆ.

ಇದು ಈಗ ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಅಂಟಿಕೊಂಡ ಜೀವಿ ಜಾಗ ಬದಲಿಸಲಾರದು. ಹರಿವು ನಿಂತು ಬಂಡೆಯ ಮೇಲೆ ಹೂಳು ಕೂತರೆ ಅದು ಅಲ್ಲೇ ಉಸಿರುಗಟ್ಟುತ್ತದೆ. ದಾಖಲೆಗಳಿರುವುದು ಹೆಚ್ಚಾಗಿ ತುಂಗಾ, ಭದ್ರಾ ಕಡೆಯ ಮೇಲ್ಹೊಳೆಗಳಿಂದ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಿಂತ ಮೇಲೆ ಆ ಭಾಗದ ಹೊಳೆಯ ಸ್ವರೂಪವೂ ಬದಲಾಗಿದೆ. ಬ್ಯಾರೇಜಿನ ಮೇಲೂ ಕೆಳಗೂ ಬಂಡೆಗಳಿರುವ ಹರಿವಿನಲ್ಲಿ ಚಿಪ್ಪುಜೀವಿಗಳ ಸಮೀಕ್ಷೆ ನಡೆಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ತೆರೆದುಕೊಳ್ಳುವ ತಿಂಗಳುಗಳು ಅದಕ್ಕೆ ತಕ್ಕ ಕಾಲ. ಹೊಳೆಯ ದಂಡೆಯ ಮೀನುಗಾರರು ಜತೆಗಿದ್ದರೆ ಯಾವ ಬಂಡೆಯನ್ನು ಮೊದಲು ನೋಡಬೇಕೆಂಬುದೂ ತಿಳಿಯುತ್ತದೆ.